ಎತ್ತಿನ ಹೆಸರು ಕೇಳಿದ ಫೋನು

ನನಗೆ ಈಚೆಗೆ ನೇರಳೆ ಬಣ್ಣ ಕಂಡರೆ ಅಂಜಿಕೆಯಾಗುತ್ತದೆ. ಹಾವಿಗೆ, ಗುಡುಗಿಗೆ, ಹಲ್ಲಿನ ಡಾಕ್ಟರ ಕುರ್ಚಿಗೆ ಅಂಜುವವರನ್ನು ಲೋಕ ಅರ್ಥ ಮಾಡಿಕೊಳ್ಳುತ್ತದೆ. ಬದನೆಕಾಯಿಯ ಬಣ್ಣಕ್ಕೆ ಅಂಜುತ್ತೇನೆ ಎಂದರೆ ಮನೆಯವರೇ ನಗುತ್ತಾರೆ. ನನ್ನ ಹೆಂಡತಿಯಂತೂ ಇದನ್ನು ಕೇಳಿದ ದಿನವೇ ಬೇಕೆಂದು ಬದನೆಯ ಎಣಗಾಯಿ ಪಲ್ಯ ಮಾಡಿ, ತಾಟಿಗೆ ಬಡಿಸಿ, ನನ್ನ ಮುಖ ನೋಡುತ್ತ ನಿಂತಳು. ಪಲ್ಯ ಚೆನ್ನಾಗಿತ್ತು. ಅಂಜಿಕೆ ಹಾಗೆಯೇ ಉಳಿಯಿತು.

ವಿಷಯ ಮೊಬೈಲ್ ಫೋನಿನದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಫೋನ್ ಕಂಪನಿಗಳಿಗೆ ಹೆಸರಿಗಿಂತ ಬಣ್ಣ ಮುಖ್ಯ. ಕಂಪನಿಯವರು ಅಂಗಡಿಗಳಿಗೆ ಪುಕ್ಕಟೆಯಾಗಿ ಬೋರ್ಡು ಹಾಕಿಸಿಕೊಡುತ್ತಾರೆ. ಒಂದು ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಂಗಡಿಯ ಹೆಸರು. ಉಳಿದ ಜಾಗವೆಲ್ಲ ಕಂಪನಿಯ ಬಣ್ಣ. ಗಿರಾಕಿಗಳು ಸೀರೆ ಕೇಳುವವರ ಹಾಗೆ ‘ಹಳದೀದು ತೋರಸ್ರಿ, ನೇರಳೀದು ತೋರಸ್ರಿ’ ಎನ್ನುತ್ತಾರೆ. ನಾನು ಹಳದಿಯವನು. ನಾನು ಫೋನು ಕೊಂಡ ಕಾಲಕ್ಕೆ ಹಳದಿ ಅಲ್ಲದವರು ಇದ್ದರೋ ಇಲ್ಲವೋ ನೆನಪಿಲ್ಲ. ಪೇಟೆಯ ಈ ತುದಿಯಲ್ಲಿ ನಿಂತು ನೋಡಿದರೆ ಆ ತುದಿಯವರೆಗೆ ಯಾರೋ ಭಂಡಾರದ ಅರಿಶಿನ ಎರಚಿಕೊಂಡು ಹೋದಂತೆ ಕಾಣುತ್ತಿತ್ತು. ಅಥವಾ ಹಾಗೆ ಕಾಣುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನನ್ನ ನೆನಪಿನ ಮಾತನ್ನು ಸಾಕ್ಷಿಯಿಲ್ಲದೆ ನಂಬಬಾರದು ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಆ ಹಳದಿ ಸಾಲಿನ ನಡುವೆ ನನ್ನ ಕಾಕಾನ ಮಗ ಈರಣ್ಣನ ಅಂಗಡಿ. ಕಾಕಾ ಅದೇ ಅಂಗಡಿಯಲ್ಲಿ ಹತ್ತಿಕಾಳು ಮಾರುತ್ತಿದ್ದರು. ಈರಣ್ಣ ಫೋನು ಮಾರುತ್ತಾನೆ. ಅಂಗಡಿಯ ಮೇಲೆಯೇ ಅವನ ಮನೆ. ಹಳದಿ ಕಂಪನಿ ಇಳಿಮುಖವಾದದ್ದನ್ನು ಪತ್ರಿಕೆಗಳು ಬರೆಯುವ ಮೊದಲೇ ಈರಣ್ಣ ಹೇಳಿದ್ದ. ಅವನ ಲೆಕ್ಕ ಸರಳವಾದದ್ದು. ಕಂಪನಿಯ ಪ್ರತಿನಿಧಿ ಮೊದಲು ಕಾರಿನಲ್ಲಿ, ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದು ಬರುತ್ತಿದ್ದನಂತೆ. ಆಮೇಲೆ ಬೈಕಿನ ಮೇಲೆ, ಪೇಢೆಯಿಲ್ಲದೆ. ಆಮೇಲೆ ಬರುವುದನ್ನು ಬಿಟ್ಟು ಫೋನು ಮಾಡತೊಡಗಿದ. ಆಮೇಲೆ ಈರಣ್ಣನೇ ಅವನಿಗೆ ಫೋನು ಮಾಡಬೇಕಾಯಿತು. ಕೊನೆಗೊಂದು ದಿನ ಅದೇ ಮನುಷ್ಯ, ಅದೇ ನಗು, ಮತ್ತೆ ಪೇಢೆಯ ಡಬ್ಬಿ ಹಿಡಿದು ಬಂದ. ಮೈಮೇಲೆ ನೇರಳೆ ಬಣ್ಣದ ಅಂಗಿ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ಮರೆತಿದ್ದೇನೆ. ಒಂದು ಸಂಗತಿ ಮಾತ್ರ ಮನಸ್ಸಿನಲ್ಲಿ ಕೂತಿದೆ. ಈ ನಾಡಿನ ಹಳೆಯ ಶಾಸನಗಳಲ್ಲಿ ಸಾಮಂತರು ಮೊದಲು ಚಕ್ರವರ್ತಿಯ ಬಿರುದುಗಳನ್ನೆಲ್ಲ ಉದ್ದಕ್ಕೆ ಕೊರೆಸಿ, ಆಮೇಲೆ ತಮ್ಮ ಹೆಸರು ಹೇಳುತ್ತಾರೆ. ಚಕ್ರವರ್ತಿ ಬಲಗುಂದಿದ ಹಾಗೆ ಅವನ ಬಿರುದಿನ ಸಾಲು ಮೋಟಾಗುತ್ತ, ಸಾಮಂತನದು ಉದ್ದವಾಗುತ್ತ ಹೋಗುತ್ತದೆ. ಒಂದು ಕಲ್ಲಿನಲ್ಲಿ ಚಕ್ರವರ್ತಿಯ ಹೆಸರೇ ಇರುವುದಿಲ್ಲ. ಯಾವ ಯುದ್ಧವೂ ಆಗಿರುವುದಿಲ್ಲ, ಯಾರೂ ಸತ್ತಿರುವುದಿಲ್ಲ. ಕಲ್ಲುಕುಟಿಗನಿಗೆ ಮಾತ್ರ ಸುದ್ದಿ ಗೊತ್ತಿರುತ್ತದೆ. ದುರ್ಗದಬೈಲಿನ ಬೋರ್ಡುಗಳನ್ನು ನೋಡುತ್ತ ನಡೆದಾಗ ನನಗೆ ಆ ಕಲ್ಲುಗಳ ನೆನಪಾಗುತ್ತಿತ್ತು. ಇಂದು ಒಂದು ಹಳದಿ ಇಳಿದು ನೇರಳೆ ಏರಿರುತ್ತದೆ, ಮುಂದಿನ ವಾರ ಅದರ ಪಕ್ಕದ್ದು. ನಡುನಡುವೆ ಹಸಿರು, ಕೆಂಪು ಕಂಪನಿಗಳೂ ತಮ್ಮ ತಮ್ಮ ಪಾಳೆಯಪಟ್ಟು ಕಟ್ಟಿಕೊಂಡಿದ್ದವು. ಸಾಮ್ರಾಜ್ಯ ಮುಳುಗುವುದನ್ನು ಪುಸ್ತಕದಲ್ಲಿ ಓದುವುದು ಸುಖದ ಕೆಲಸ. ಮುಳುಗುವ ಸಾಮ್ರಾಜ್ಯದೊಳಗೆ ನಮ್ಮ ಗಂಟು ಇದ್ದರೆ ಹಾಗಲ್ಲ.

ನನ್ನ ಗಂಟು ಇತ್ತು. ಅದನ್ನು ಹೇಳಬೇಕಾದರೆ ಅಪ್ಪನ ವಿಷಯಕ್ಕೆ ಬರಬೇಕು. ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತು. ನವನಗರದ ನಮ್ಮ ಮನೆಯಲ್ಲಿ, ನನ್ನ ಎದುರು ಕೂತು, ನನ್ನನ್ನೇ ಕಾಕಾ ಎಂದು ತಿಳಿದು, ಕಾಕಾನ ಹೆಸರು ಹಿಡಿದು ಕರೆಯುತ್ತಿದ್ದರು. ಕಾಕಾ ಆಗ ಬದುಕಿರಲಿಲ್ಲ. ಅಂದಿನಿಂದ ನನಗೊಂದು ಹೆದರಿಕೆ ಹೊಕ್ಕಿತು. ಅಪ್ಪನ ಮೂಗು ನನಗೆ ಬಂದಿದೆ, ಅಪ್ಪನ ಸಿಡುಕು ಬಂದಿದೆ. ಈ ಮರೆವು ಬಾರದೆ ಇದ್ದೀತೆ? ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಾಗ ಬೇರೆಯವರು ಹುಡುಕುವುದು ಕನ್ನಡಕವನ್ನು. ನಾನು ಹುಡುಕುವುದು ನನ್ನನ್ನು.

ಅದಕ್ಕೆ ದಿನಚರಿ ಇಡತೊಡಗಿದೆ. ಕಾಗದದ ಮೇಲೆ ಬರೆದು ನೋಡಿದೆ, ಸರಿಹೋಗಲಿಲ್ಲ. ಬರೆದದ್ದನ್ನು ಮರುದಿನ ಓದುವಾಗ ನನ್ನ ಕೈ ಸುಮ್ಮನಿರದು. ಒಂದು ಮಾತು ತೆಗೆದು ಇನ್ನೊಂದು ಹಾಕಿ, ವಾರದೊಳಗೆ ನಾನು ಎಲ್ಲರೊಡನೆ ಬಹಳ ತಾಳ್ಮೆಯಿಂದ ನಡೆದುಕೊಂಡವನಾಗಿ ಬಿಡುತ್ತಿದ್ದೆ. ಧ್ವನಿಯನ್ನು ಹಾಗೆ ತಿದ್ದಲು ಬರುವುದಿಲ್ಲ. ಹಳದಿ ಫೋನಿನಲ್ಲಿ ಆಡಿದ ಮಾತನ್ನು ಹಿಡಿದಿಡುವ ಒಳ್ಳೆಯ ಏರ್ಪಾಡಿತ್ತು. ದಿನವೂ ಸಂಜೆ ಚಹಾ ಕುಡಿದು, ಹಿತ್ತಲಿನ ಕಟ್ಟೆಯ ಮೇಲೆ ಕೂತು, ಅಂದು ಆದದ್ದನ್ನು ಫೋನಿಗೆ ಹೇಳುತ್ತಿದ್ದೆ. ಅದೆಲ್ಲ ಕಂಪನಿಯ ಕ್ಲೌಡಿಗೆ ಹೋಗಿ ಜಮೆಯಾಗುತ್ತಿತ್ತು. ಅಪ್ಪನ ಕೊನೆಯ ವರ್ಷಗಳೂ ಅಲ್ಲೇ ಇದ್ದವು. ‘ಜೀವನಪರ್ಯಂತ ಸುರಕ್ಷಿತ’ ಎಂದು ಫೋನಿನ ಡಬ್ಬಿಯ ಮೇಲೆ ಅಚ್ಚು ಹಾಕಿದ್ದರು. ಯಾರ ಜೀವನ ಎಂದು ನಾನು ಕೇಳಲಿಲ್ಲ. ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂದು ದತ್ತಿ ಬಿಟ್ಟ ಅರಸರ ಕಲ್ಲುಗಳು ಹೊಲದ ಬದುವಿನಲ್ಲಿ ಅಡ್ಡಬಿದ್ದದ್ದನ್ನು ಕಂಡವನು ನಾನು. ನಾನಾದರೂ ಕೇಳಬೇಕಿತ್ತು.

ದಸರೆ ಹತ್ತಿರ ಬಂದಾಗ ಕಂಪನಿಯಿಂದ ಸಂದೇಶ ಬಂತು. ಬಹಳ ವಿನಯದ ಸಂದೇಶ. ಇಷ್ಟು ದಿನ ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದ; ಈ ಸೇವೆಯನ್ನು ತಿಂಗಳ ಕೊನೆಗೆ ನಿಲ್ಲಿಸುತ್ತಿದ್ದೇವೆ; ನಿಮ್ಮದನ್ನು ನೀವು ಅಷ್ಟರೊಳಗೆ ತೆಗೆದುಕೊಳ್ಳಿ; ಆಮೇಲೆ ಉಳಿದದ್ದನ್ನು ಅಳಿಸುತ್ತೇವೆ. ಮನೆ ಖಾಲಿ ಮಾಡಲು ಹೇಳುವವರು ಒರಟಾಗಿ ಹೇಳಿದರೆ ಜಗಳವಾದರೂ ಆಡಬಹುದು.

ಕ್ಲೌಡ್ ಎಂದರೆ ಎಲ್ಲರೂ ಆಕಾಶ ನೋಡುತ್ತಾರೆ. ನನಗೆ ಮಾತ್ರ ಅದು ಯಾವಾಗಲೂ ನಮ್ಮ ಹಳ್ಳಿಯಾದ ಸುಳ್ಳದ ಹಗೇವಿನ ಹಾಗೆ. ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ ನೆಲಮಾಳಿಗೆ ಅದು: ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಅದರ ಮೇಲೆಯೇ ನಾವು ಆಡುತ್ತಿದ್ದೆವು. ಕಾಲ ಕೆಳಗೆ ಅಷ್ಟು ಕಾಳು ಇದೆ ಎಂಬುದು ಮರೆತೇ ಹೋಗುತ್ತಿತ್ತು. ಆದರೆ ತೆಗೆಯುವ ದಿನ ಮಕ್ಕಳನ್ನು ದೂರ ಓಡಿಸುತ್ತಿದ್ದರು. ಬಹಳ ದಿನ ಮುಚ್ಚಿದ ಹಗೇವಿನ ಒಳಗಿನ ಹವೆ ಉಸಿರು ಕಟ್ಟಿಸುತ್ತದೆ. ಬಾಯಿ ತೆರೆದಿಟ್ಟು, ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಸುತ್ತಿದ್ದರು. ಕಂದೀಲು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ನಂದಿದರೆ ಕಾಯಬೇಕು. ಆ ದೀಪ ಕೆಳಗೆ ಹೋಗುವುದನ್ನು ದೂರದಿಂದ ನೋಡುತ್ತ, ಉಸಿರು ಹಿಡಿದು ನಿಂತದ್ದು ನನಗೆ ಇಂದಿಗೂ ಎದೆಯಲ್ಲಿದೆ.

ಹಳದಿ ಕಂಪನಿಯ ಹಗೇವು ಸುಮ್ಮನೆ ತೆರೆಯಲಿಲ್ಲ. ನೀವು ನೀವೇ ಎಂದು ಸಾಬೀತು ಮಾಡಿ ಎಂದಿತು. ನನಗೇ ಸಂಶಯವಿರುವ ಸಂಗತಿ ಅದು. ಪಾಸ್‌ವರ್ಡ್ ಕೇಳಿತು, ಗೊತ್ತಿರಲಿಲ್ಲ. ಹಾಗಾದರೆ ಫೋನು ಕೊಂಡಾಗ ಕೊಟ್ಟ ಉತ್ತರವನ್ನೇ ಮತ್ತೆ ಕೊಡಿ ಎಂದು ಪ್ರಶ್ನೆ ಮುಂದಿಟ್ಟಿತು: ನೀವು ಸಾಕಿದ ಮೊದಲ ಪ್ರಾಣಿಯ ಹೆಸರು?

ನಮ್ಮ ಮನೆಯಲ್ಲಿ ಮೋತ್ಯಾ ಎಂಬ ನಾಯಿ ಇತ್ತು. ಧೈರ್ಯವಾಗಿ ಹಾಕಿದೆ. ತಪ್ಪು ಎಂದಿತು. ಮೋತ್ಯಾನಿಗಿಂತ ಮೊದಲು ಒಂದು ಬೆಕ್ಕು ಇತ್ತೆಂದು ನೆನಪಾಗಿ ಅದರ ಹೆಸರು ಹಾಕಿದೆ. ಅದೂ ತಪ್ಪು. ಇನ್ನು ಒಂದೇ ಅವಕಾಶ, ಆಮೇಲೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ ಎಂದು ಅದೇ ವಿನಯದಿಂದ ತಿಳಿಸಿತು. ಫೋನನ್ನು ಬೋರಲು ಹಾಕಿ ದೂರ ಸರಿದು ಕೂತೆ. ಕಂಪನಿ ಮುಳುಗುತ್ತಿದೆ ಎನ್ನುವುದಕ್ಕಿಂತ, ನನ್ನ ಬಗ್ಗೆ ನಾನೇ ಕೊಟ್ಟ ಉತ್ತರ ನನಗೆ ತಿಳಿಯದು ಎನ್ನುವುದು ಹೆಚ್ಚು ಭಯ ಹುಟ್ಟಿಸಿತು. ಅಪ್ಪನಿಗೂ ಹೀಗೆಯೇ ಶುರುವಾಗಿತ್ತೇ? ಹೆಂಡತಿ ಬಂದು ನೋಡಿ, ‘ನಿಮ್ಮ ಅಂಜಿಕಿಗೆ ಔಷಧಿಲ್ರಿ. ಸುಮ್ನ ಈರಣ್ಣನ ಕಡೆ ಹೋಗಿ ಬರ್ರಿ’ ಎಂದಳು.

ಮರುದಿನ ಬೆಳಿಗ್ಗೆ ದುರ್ಗದಬೈಲಿಗೆ ಹೋದೆ. ಈರಣ್ಣನ ಅಂಗಡಿಯ ಮುಂದೆ ಏಣಿ ನಿಂತಿತ್ತು. ಗೋಡೆಗೆ ಒರಗಿಸಿದ ನೇರಳೆ ಬೋರ್ಡು ನನ್ನ ಎತ್ತರಕ್ಕಿಂತ ಹೆಚ್ಚಿತ್ತು. ಆ ದಿನ ಮಧ್ಯಾಹ್ನ ಹಳದಿ ಇಳಿಯುವುದಿತ್ತು. ಈರಣ್ಣ ಗಲ್ಲೆಯ ಮೇಲೆ ಕೂತು ಆಗಾಗ ಮೇಲೆ ನೋಡುತ್ತಿದ್ದ. ಬದಲಿಸಿದ್ದು ತಪ್ಪಾದರೆ, ಹಳದಿ ಮತ್ತೆ ಎದ್ದರೆ ಎಂದು ಅವನಿಗೂ ಒಳಗೊಳಗೆ ಹೆದರಿಕೆ ಇತ್ತೆಂದು ಕಾಣುತ್ತದೆ. ನನ್ನ ಕಥೆ ಕೇಳಿ ಮಾತ್ರ ನಕ್ಕುಬಿಟ್ಟ.

‘ಅದಕ್ಯಾಕ ಇಷ್ಟ ಬೆವರಾಕತ್ತಿ ಅಣ್ಣಾ? ಆ ಉತ್ತರ ನೀ ಎಲ್ಲಿ ಕೊಟ್ಟಿ? ನಾ ಕೊಟ್ಟೇನಿ.’

‘ನನ್ನ ಉತ್ತರ ನೀ ಯಾಕ ಕೊಟ್ಟಿ?’

‘ಎಲ್ಲಾರದೂ ನಾನೇ ಕೊಡ್ತಿದ್ದೆ. ಗಿರಾಕಿ ಪಾಳಿ ಹಚ್ಚಿ ನಿಂತಾಗ ಒಬ್ಬೊಬ್ಬರ ನಾಯಿ ಬೆಕ್ಕಿನ ಹೆಸರು ಕೇಳ್ಕೋತ ಕುಂದರ್ಲೇನು? ಎಲ್ಲಾರಿಗೂ ಒಂದೇ ಹೆಸರು. ಸುಳ್ಳದಾಗಿನ ನಮ್ಮ ಎತ್ತಿಂದು.’

ಇದು ನಮ್ಮ ಕಡೆಯ ಅಂಗಡಿಗಳ ಪದ್ಧತಿ. ಫೋನು ಕೊಂಡವನು ಚಹಾ ಕುಡಿಯುತ್ತ ಕೂತಿರಬೇಕು. ಡಬ್ಬಿ ಒಡೆದು, ಸಿಮ್ಮು ಹಾಕಿ, ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ‘ತಗೋರಿ, ಎಲ್ಲಾ ರೆಡಿ’ ಎಂದು ಕೈಗಿಡುವುದು ಅಂಗಡಿಯವನ ಕರ್ತವ್ಯ. ಗಿರಾಕಿಯನ್ನು ಪ್ರಶ್ನೆ ಕೇಳಿ ತ್ರಾಸು ಕೊಟ್ಟರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದರೂ ಯೋಚಿಸಿ ನೋಡಿ. ಅಡತಿ ಅಂಗಡಿಯವರು, ಬ್ಯಾಂಕಿನವರು, ಪ್ರಾಧ್ಯಾಪಕರು, ಅವರ ಮಕ್ಕಳು ಮರಿ, ಇಷ್ಟು ಜನರ ಗುಟ್ಟುಗಳನ್ನೆಲ್ಲ ಎಂದೋ ಸತ್ತ ಒಂದು ಎತ್ತು ಬಾಗಿಲಲ್ಲಿ ನಿಂತು ಕಾಯುತ್ತಿತ್ತು.

ಹಾಗಾದರೆ ಹಾಕಿಬಿಡು ಎಂದೆ. ಈರಣ್ಣ ಫೋನು ತೆಗೆದುಕೊಂಡು ಬೆರಳು ಎತ್ತಿದವನು ಹಾಗೆಯೇ ನಿಂತ. ಹಳದಿ ಫೋನು ಮಾರುವುದು ನಿಂತು ಎಷ್ಟೋ ಕಾಲವಾಗಿತ್ತು. ‘ಚಂದ್ರ್ಯಾ ಅಲ್ಲೇನು ಅಣ್ಣಾ?’ ಎಂದ. ಅದು ಉತ್ತರವಾಗಿರಲಿಲ್ಲ, ಪ್ರಶ್ನೆಯಾಗಿತ್ತು.

ಚಂದ್ರ್ಯಾನೇ. ನನಗೆ ಸಂಶಯವೇ ಇರಲಿಲ್ಲ. ಬಿಳಿ ಎತ್ತು, ಹಣೆಯ ಮೇಲೆ ಚಂದ್ರನಂಥ ಮಚ್ಚೆ, ಗಂಗೆದೊಗಲು ಸವರಿದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಬಾಯಿ ತೆರೆದವನು, ಅಷ್ಟು ಖಚಿತವಾಗಿ ನೆನಪಾದದ್ದಕ್ಕೇ ಅಂಜಿ, ಚಿಗವ್ವನನ್ನು ಒಂದು ಮಾತು ಕೇಳೋಣ ಎಂದೆ. ಈರಣ್ಣನ ತಾಯಿ, ನನ್ನ ಚಿಗವ್ವ, ಮೇಲಿನ ಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ನಮ್ಮ ಪ್ರಶ್ನೆ ಕೇಳಿ, ಸೋಸುವುದನ್ನು ನಿಲ್ಲಿಸದೆ ಹೇಳಿದರು.

‘ಚಂದ್ರ್ಯಾ ನಮ್ಮ ಎತ್ತು ಯಾವಾಗ ಆತೋ ತಮ್ಮಾ? ಅದು ಆಚೀ ಮನಿಯವ್ರದು. ನಮ್ಮದು ಬಸ್ಯಾ. ಎಡಗೋಡು ಮುರದಿತ್ತು, ಹಾಯಾಕ ಬರ್ತಿತ್ತು. ನೀವಿಬ್ಬರೂ ಅಂಜುಬುರುಕರು, ಅದರ ಸಮೀಪ ಸುಳೀತಿದ್ದಿಲ್ಲ. ಯಾವಾಗ ನೋಡಿದ್ರೂ ಆಚೀ ಮನಿ ಎತ್ತಿನ ಮುಂದ ಕುಂತಿರ್ತಿದ್ರಿ.’

ನನ್ನ ಬಾಲ್ಯದ ಎತ್ತು ಪಕ್ಕದ ಮನೆಯದು. ಹಾಗಾದರೆ ಆ ಅಂಗಳ ಯಾರದು, ಆ ಕಂದೀಲು ಯಾರ ಹಗೇವಿಗೆ ಇಳಿದದ್ದು? ಕೇಳಲು ಧೈರ್ಯ ಸಾಲಲಿಲ್ಲ. ಈರಣ್ಣ ಮಾತ್ರ ಹಗುರಾದ. ಅವ್ವ ಹೇಳಿದ್ದು ಖರೇ ಇರುತ್ತದೆ, ಬಸ್ಯಾ ಅಂತ ಹಾಕಿಬಿಡುತ್ತೇನೆ ಎಂದು ಫೋನಿಗೆ ಕೈಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ.

ನನ್ನ ಓದಿನ ಅಷ್ಟೂ ವರ್ಷಗಳಲ್ಲಿ ಉಪಯೋಗಕ್ಕೆ ಬಂದ ಬುದ್ಧಿ ಅದೊಂದೇ ಇರಬೇಕು. ಅಂದು ಫೋನಿಗೆ ಉತ್ತರ ಕೊಡುವಾಗ ಅವ್ವನನ್ನು ಕೇಳಿದ್ದೆಯಾ ಎಂದೆ. ಅಂಗಡಿ ತುಂಬ ಗಿರಾಕಿ ಇರುವಾಗ ಅವ್ವನನ್ನು ಯಾಕೆ ಕೇಳಲಿ ಎಂದು ಅವನು ತಿರುಗಿ ಕೇಳಿದ. ಅಂದರೆ ಫೋನಿಗೆ ಗೊತ್ತಿರುವುದು ಚಿಗವ್ವನ ಎತ್ತಲ್ಲ, ಈರಣ್ಣನ ನೆನಪಿನ ಎತ್ತು. ಆ ನೆನಪಾದರೂ ಅವನದೇ? ಚಂದ್ರ್ಯಾನ ಕಥೆಯನ್ನು ಚಿಕ್ಕಂದಿನಿಂದ ಅವನಿಗೆ ಹೇಳಿ ಹೇಳಿ ನಂಬಿಸಿದವನು ನಾನು. ಈಗ ಬೇಕಾದದ್ದು ನಿಜವಲ್ಲ, ಅಂದು ಅವನು ಮಾಡಿದ ತಪ್ಪು. ಚಿಗವ್ವ ಇಬ್ಬರನ್ನೂ ನೋಡಿ, ಇಷ್ಟು ಓದಿದವರಿಗೆ ಮನೆಯ ಎತ್ತು ಗೊತ್ತಿಲ್ಲವಲ್ಲ ಎಂದು ಸೊಪ್ಪಿಗೆ ಹೇಳಿದರು.

‘ಚಂದ್ರ್ಯಾ ಅಂತ ಹಾಕು,’ ಎಂದೆ.

‘ಅದು ತಪ್ಪಾತಂದ್ರ?’

‘ತಪ್ಪೇ ಬೇಕಾಗೇದ.’

‘ಜಲ್ಮದಾಗ ಮೊದಲನೇ ಸಲ ಧೈರ್ಯ ಮಾಡಿ ನೋಡು ಅಣ್ಣಾ,’ ಎಂದ ಈರಣ್ಣ. ‘ಅದೂ ಸುಳ್ಳ ಹೇಳಾಕ.’

ಅವನು ಒಂದೊಂದೇ ಅಕ್ಷರ ಒತ್ತಿದ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕೆಳಗೆ ಏಣಿ ಹತ್ತುವ ಸದ್ದು ಕೇಳುತ್ತಿತ್ತು. ತಪ್ಪಿದರೆ ಅಪ್ಪನ ವರ್ಷಗಳೆಲ್ಲ ನನ್ನ ತಲೆಯೊಳಗೆ ಮಾತ್ರ ಉಳಿಯುತ್ತವೆ. ಆ ತಲೆ ಎಂಥದು ಎಂಬುದನ್ನು ಚಿಗವ್ವ ಈಗಷ್ಟೇ ತೋರಿಸಿಕೊಟ್ಟಿದ್ದರು. ಆ ಒಂದು ಗಳಿಗೆಯಲ್ಲಿ ಕಂದೀಲು ಮತ್ತೆ ಕೆಳಗೆ ಇಳಿಯಿತು.

ನಂದಲಿಲ್ಲ. ‘ತಗೋ, ತೆರೀತು’ ಎಂದ ಈರಣ್ಣ.

ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಳ್ಳಲು ಮಧ್ಯಾಹ್ನದವರೆಗೆ ಹಿಡಿಯಿತು. ಅಷ್ಟರಲ್ಲಿ ಅಲ್ಲಲ್ಲಿ ಕಿವಿಗಿಟ್ಟು ಕೇಳಿದೆ. ದೊಡ್ಡ ನಿಧಿ ಏನೂ ಅಲ್ಲ. ‘ಇವತ್ತು ವಿಶೇಷವೇನಿಲ್ಲ’ ಎಂದು ಬಹಳ ವಿಶೇಷವಾದ ಧ್ವನಿಯಲ್ಲಿ ಹೇಳಿದ್ದೇ ಹೆಚ್ಚು. ಮಿರ್ಚಿ ತಿಂದು ಎದೆಯುರಿ ಬಂದದ್ದು, ನಳಕ್ಕೆ ನೀರು ಬಾರದ್ದು, ಯಾರೋ ಸಭೆಯಲ್ಲಿ ನನ್ನ ಹೆಸರು ತಪ್ಪಾಗಿ ಹೇಳಿದ್ದು. ಹಗೇವಿನ ಅಂಚಿನ ಜೋಳದ ಹಾಗೆ ಎಲ್ಲಕ್ಕೂ ಒಂದು ಮುಗ್ಗಲು ವಾಸನೆ. ಆಮೇಲೆ ಅಪ್ಪನ ಕಾಲದ ಒಂದು ಸಂಜೆ ಸಿಕ್ಕಿತು. ಅಪ್ಪ ನನ್ನನ್ನು ಕಾಕಾ ಎಂದಾಗಲೆಲ್ಲ ನಾನು ತಾಳ್ಮೆಗೆಟ್ಟು, ಅಲ್ಲ ನಾನು ನಿಮ್ಮ ಮಗ ಎಂದು ತಿದ್ದುತ್ತಿದ್ದೆ ಎಂಬುದು ನನ್ನ ನೆನಪು. ಧ್ವನಿ ಬೇರೆಯೇ ಹೇಳಿತು. ಅಪ್ಪ ಇವತ್ತು ಕಾಕಾನ ಹೆಸರು ಹಿಡಿದು, ಬಿತ್ತನೆ ಮುಗಿಯಿತೇ ಎಂದು ಕೇಳಿದರು. ಹೂಂ, ಮುಗಿಯಿತು, ಹದವಾಗಿ ಮಳೆಯೂ ಆಯಿತು ಎಂದೆ. ಅಪ್ಪ ನಕ್ಕು ಎರಡು ತುತ್ತು ಹೆಚ್ಚು ಉಂಡರು. ಇಷ್ಟೇ. ಅದು ನನ್ನದೇ ಧ್ವನಿ, ಸಂಶಯವಿಲ್ಲ. ಆ ಮನುಷ್ಯನ ಪರಿಚಯ ಮಾತ್ರ ನನಗೆ ಇರಲಿಲ್ಲ. ಅದನ್ನೇ ಮತ್ತೊಮ್ಮೆ ಹಚ್ಚಿ ಕೇಳಿದೆ. ಚಿಗವ್ವ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟರು.

ಕೆಳಗೆ ಬಂದಾಗ ಹಳದಿ ಬೋರ್ಡು ನೆಲದ ಮೇಲೆ ಮಲಗಿತ್ತು. ಮೇಲೆ ಇದ್ದಾಗ ಅಷ್ಟು ದೊಡ್ಡದಾಗಿ ಕಂಡದ್ದು, ಚೌಕಟ್ಟಿನಿಂದ ಬಿಚ್ಚಿ ಮಡಚಿದರೆ ಒಂದು ಸೈಕಲ್ ಕ್ಯಾರಿಯರ್ ಮೇಲೆ ಕೂಡುವಂತಿತ್ತು. ನೇರಳೆ ಏರಿತು. ಪ್ರತಿನಿಧಿ ಎಲ್ಲರಿಗೂ ಪೇಢೆ ಹಂಚಿದ. ನಾನೂ ಅಂಜುತ್ತಲೇ ಒಂದು ಪೇಢೆಯನ್ನೂ ಒಂದು ನೇರಳೆ ಫೋನನ್ನೂ ತೆಗೆದುಕೊಂಡೆ. ಈರಣ್ಣ ಡಬ್ಬಿ ಒಡೆದು, ಸಿಮ್ಮು ಹಾಕಿದ. ಸ್ವಲ್ಪ ಹೊತ್ತಿಗೆ ಅವನ ಬೆರಳು ನಿಂತಿತು. ನನ್ನ ಮುಖ ನೋಡಿದ. ನೇರಳೆಯವರೂ ಅದನ್ನೇ ಕೇಳುತ್ತಿದ್ದರು: ನೀವು ಸಾಕಿದ ಮೊದಲ ಪ್ರಾಣಿಯ ಹೆಸರು?

‘ಈ ಸಲ ಖರೇ ಹೆಸರು ಹಾಕ್ಲೇನು ಅಣ್ಣಾ?’

‘ಬ್ಯಾಡ,’ ಎಂದೆ. ‘ಖರೇದು ನಾಳೆ ಮರೀತದ. ತಪ್ಪು ಮರಿಯಂಗಿಲ್ಲ.’

ಇಷ್ಟು ಬರೆದು ಹೆಂಡತಿಗೆ ಓದಲು ಕೊಟ್ಟೆ. ಅವಳು ಕೊನೆಯವರೆಗೆ ಓದಿ, ಬೀಗದಕೈಯನ್ನು ಊರಿಗೆಲ್ಲ ಹಂಚುವ ಜಾಣ ನೀವೊಬ್ಬರೇ ಎಂದಳು. ಆದ್ದರಿಂದ, ಓದುಗರೇ, ಮತ್ತೆ ಮೊದಲಿನಿಂದ ಕೂತು ಎತ್ತುಗಳ ಹೆಸರನ್ನೆಲ್ಲ ಬದಲಿಸಿದ್ದೇನೆ. ಹಣೆಯ ಮಚ್ಚೆಯನ್ನೂ ಬಿಟ್ಟಿಲ್ಲ. ನೀವು ಮೇಲೆ ಓದಿದ ಯಾವ ಹೆಸರಿಗೂ ಯಾವ ಬಾಗಿಲೂ ತೆರೆಯುವುದಿಲ್ಲ. ಈಗ ಉಳಿದಿರುವುದು ಒಂದೇ ಅಂಜಿಕೆ. ನೇರಳೆಯೂ ಒಂದು ದಿನ ಬಾಡುತ್ತದೆ, ಫೋನು ಮತ್ತೆ ಎತ್ತಿನ ಹೆಸರು ಕೇಳುತ್ತದೆ. ಅಂದು ನಾನು, ನೆನಪಿನ ಮೇಲೆ ಭರವಸೆಯಿಲ್ಲದೆ, ಈ ಪ್ರಬಂಧವನ್ನೇ ತೆಗೆದು ನೋಡಿದರೆ?